ಅತ್ತರು ಸಾಹುಕಾರನ ಮೂಗು

ಊರಿಗೆಲ್ಲ ಅವನು ಅತ್ತರು ಸಾಹುಕಾರ. ಸೀಸೆಯ ಬಿರಡೆ ತೆಗೆದು, ಕಣ್ಣು ಮುಚ್ಚಿ, ಒಂದೇ ಒಂದು ಸಲ ಉಸಿರೆಳೆದು ತೀರ್ಪು ಕೊಟ್ಟನೆಂದರೆ ಗಿರಾಕಿಗಳು ಬೆರಗಾಗುತ್ತಿದ್ದರು. ಅವರ ಹೊಗಳಿಕೆಗೆ ಇವನು ಉಬ್ಬಿದ್ದೂ ಉಬ್ಬಿದ್ದೇ. ಆದರೆ ಆ ಮೂಗು ಸತ್ತು ಎಷ್ಟೋ ಕಾಲವಾಗಿತ್ತು. ಕುಡಿತ, ಚುರುಟು, ನಶ್ಯ ಎಲ್ಲ ಸೇರಿ ಅದನ್ನು ತಿಂದುಹಾಕಿದ್ದವು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅತ್ತರು ಬೆರೆಸುವವಳು ಹೆಂಡತಿ. ಸೀಸೆ ತಂದುಕೊಡುವಾಗ ಅವಳ ಮುಖ ಅರಳಿದ್ದರೆ ಇವನು "ಭೇಷ್" ಎನ್ನುತ್ತಿದ್ದ. ಹುಬ್ಬು ಗಂಟಿಕ್ಕಿದ್ದರೆ "ಇನ್ನೂ ಹದ ಬರ್ಬೇಕು" ಎನ್ನುತ್ತಿದ್ದ. ಈ ಗುಟ್ಟು ರಟ್ಟಾದರೆ ತನ್ನ ಕಥೆ ಮುಗಿಯಿತು ಎಂಬುದೊಂದೇ ಅವನಿಗಿದ್ದ ಚಿಂತೆ.

ಮಧ್ಯಾಹ್ನ ಅಂಗಡಿ ಮುಚ್ಚಿ ಸೇತುವೆಯಾಚೆಯ ಹೆಂಗಸಿನ ಮನೆಗೆ ಹೋಗುವುದು ರೂಢಿ. ಮೊದಮೊದಲು ಕಾಲು ತಾನಾಗಿ ಅಲ್ಲಿಗೆ ಓಡುತ್ತಿತ್ತು. ಈಗ ಮೆಟ್ಟಿಲು ಹತ್ತುವಾಗಲೇ ಆಕಳಿಕೆ. ಅವಳೂ ಇವನ ಹಳೇ ಜೋಕಿಗೆ ಗೋಡೆ ನೋಡಿಕೊಂಡು ನಗುತ್ತಿದ್ದಳು. ಆದರೂ ಬಿಡಲಾರ, ಬಿಟ್ಟರೆ ವಯಸ್ಸಾಯಿತೆಂದು ಒಪ್ಪಿಕೊಂಡ ಹಾಗಾಗುತ್ತದಲ್ಲ! ಅಲ್ಲಿಂದ ಹೊರಡುವ ಮುನ್ನ ಸೋಪು ಹಚ್ಚಿ, ತಿಕ್ಕಿ ತಿಕ್ಕಿ ಮೈ ತೊಳೆದು, ಮತ್ತೆ ಅದೇ ಅಂಗಿ ತೊಟ್ಟು ಮನೆಗೆ ಬರುತ್ತಿದ್ದ ಮಹಾರಾಯ.

ಅಂದು ಸಂಜೆ ಬಂದಾಗ ಹೆಂಡತಿ ಮೇಜಿನ ಮೇಲೆ ಎರಡು ಸೀಸೆ ಇಟ್ಟುಕೊಂಡು ಕೂತಿದ್ದಳು. ಬಾಗಿಲ ಬಳಿ ಬಟ್ಟೆಯ ಚೀಲವಿತ್ತು.

"ರೀ, ಇದನ್ನ ಸ್ವಲ್ಪ ನೋಡಿ ಹೇಳಿ."

ಅವನು ಅವಳ ಮುಖ ನೋಡಿದ. ಅದು ಅರಳಿರಲಿಲ್ಲ, ಗಂಟಿಕ್ಕಿಯೂ ಇರಲಿಲ್ಲ. ಮೊದಲನೆಯ ಸೀಸೆ ಮೂಗಿಗೆ ಹಿಡಿದು ಕಣ್ಣು ಮುಚ್ಚಿದ.

"ಆಹಾ, ಮಲ್ಲಿಗೆ! ತಲೆಗೇ ಏರತ್ತೆ ಕಣೇ."

"ಅದು ನಲ್ಲಿ ನೀರು."

ಅವನು ಸೀಸೆ ಕೆಳಗಿಟ್ಟು ಇನ್ನೊಂದಕ್ಕೆ ಕೈ ಚಾಚಿದ.

"ಇನ್ನೊಂದನ್ನ ಮೂಸೋದು ಬೇಡ ಬಿಡಿ. ಅದು ನಿಮ್ಮ ಅಂಗಿಲೇ ಇದೆ. ಯಾರೋ ದೊಡ್ಡ ಗಿರಾಕಿಗೆ ಅಂತ ನನ್ನ ಕೈಲೇ ಮಾಡಿಸ್ಕೊಂಡು ಹೋದ್ರಲ್ಲ, ಅದೇ. ದಿನಾ ಸಂಜೆ ನಿಮ್ಮ ಜೊತೆ ಮನೆಗೆ ವಾಪಸ್ ಬರತ್ತೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಒಳಗೊಳಗೇ ಸಿಟ್ಟು ಮಾಡಿ ಮಾಡಿ ಅವಳಿಗೂ ಸಾಕಾಗಿತ್ತು. "ಅಕ್ಕನ ಮನೆಗೆ ಹೊರಟಿದೀನಿ. ಇರು ಅಂತ ಒಂದು ಮಾತು ಅಂದ್ರೆ ಇರ್ತೀನಿ."

ಅವನು ತುಟಿ ಸವರಿಕೊಂಡ.

"ಮೂಗಿನ ವಿಷಯ ಯಾರಿಗಾದ್ರೂ ಹೇಳಿದೀಯಾ?"

ಅವಳು ಅವನನ್ನೇ ನೋಡಿದಳು. "ಇಲ್ಲ" ಎಂದು ಚೀಲ ಎತ್ತಿಕೊಂಡಳು.

ಸದ್ಯ, ಬದುಕಿದೆ ಎಂದುಕೊಂಡು ಅವನು ಕುರ್ಚಿಗೆ ಒರಗಿದ. ಬೆಳಿಗ್ಗೆ ಗಿರಾಕಿ ಬಂದಾಗ ಯಾರ ಮುಖ ನೋಡಿ ಭೇಷ್ ಎನ್ನಬೇಕು ಎಂಬುದು ಅವನಿಗೆ ಹೊಳೆದದ್ದು ಅವಳು ಬೀದಿಯ ತಿರುವು ದಾಟಿದ ಮೇಲೆ.