ಕಂಕುಳಿನ ಗಂಟು

ಕೂಸು ಅಪ್ಪುವಿನ ಎಡ ಕಂಕುಳಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಹತ್ತಿದ್ದೇ ಗಂಗಾಳಿಗೆ ಲಸಿಕೆಯ ದಿನ ನೆನಪಾಯಿತು. ಹೋದ ತಿಂಗಳು ದೊಡವಾಡದ ಪಂಚಾಯ್ತಿ ಕಟ್ಟೆಯ ಮೇಲೆ ಒಂದೇ ಹೊತ್ತಿಗೆ ಎರಡು ಐಸ್ ಡಬ್ಬಿ ಬಂದಿದ್ದವು. ಒಂದು ಕೂಸುಗಳದು, ಇನ್ನೊಂದು ದನಗಳ ಗಂಟುರೋಗದ್ದು. ಅಪ್ಪುವಿನ ತೋಳಿಗೆ ಯಾವ ಡಬ್ಬಿಯ ಸೂಜಿ ಬಿತ್ತೋ!

ಅತ್ತೆ ಸೋಮವ್ವ ಬರೆ ಹಾಕಲೆಂದು ಆಗಲೇ ಕುಡಗೋಲಿನ ತುದಿಯನ್ನು ಒಲೆಗೆ ಒಡ್ಡಿದ್ದಳು. "ಒಂದ ಬರಿ ಎಳದ್ರ ಕರಗತೈತಿ."

ದನವಾದರೆ ತಡೆದೀತು. ಈ ಎಳೆಗೂಸು?

ಅಷ್ಟರಲ್ಲಿ, ಅಂದು ಲಸಿಕೆ ಹಾಕಿದ್ದ ನರ್ಸ್ ಮೃಣಾಲಿನಿ ಮನೆಮನೆ ತಿರುಗುತ್ತ ಬಾಗಿಲಿಗೆ ಬಂದಳು. ಗಂಗಾ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

"ಖರೇ ಹೇಳ್ರಿ ಬಾಯಾರ, ದನದ ಸೂಜಿ ಚುಚ್ಚೀರೇನು?"

"ಅಯ್ಯ, ಅದು ಕ್ಷಯದ ಲಸಿಕಿರಿ!" ಮೃಣಾಲಿನಿ ಗಂಟು ಮುಟ್ಟಿ ನೋಡಿದಳು. ಅಪ್ಪು ಕಚಗುಳಿಯಾಗಿ ನಕ್ಕಿತು. "ಜ್ವರ ಇಲ್ಲ, ನೋವಿಲ್ಲ."

"ತೋಳಿಗೆ ಚುಚ್ಚಿದ್ದು ಕಂಕುಳಾಗ ಯಾಕ ಬಂತು ಮತ್ತ?"

"ತೋಳಿನಾಗ ಕಾವಲಿನ ಬಿಳಿ ರಕ್ತಕಣ ಇರ್ತಾವ. ಲಸಿಕಿಯೊಳಗಿನ ರೋಗಾಣು ನುಂಗಿ, ಚೂರು ಮಾಡಿ, ಒಂದು ಚೂರು ಮೈಮ್ಯಾಲ ಹಿಡಕೊಂಡು ಕಂಕುಳಿನ ಗ್ರಂಥಿಗೆ ಹೋಗ್ತಾವ. ಅಲ್ಲಿರೂ ಟಿ ಕಣಕ್ಕ, ಅಂದ್ರ ರೋಗದ ಕೂಡ ಹೋರಾಡೂ ಕಣಕ್ಕ, ತೋರಿಸ್ತಾವ. ನೀವು ಸತ್ತ ಎತ್ತಿನ ಕಿವಿಬಿಲ್ಲಿ ಒಯ್ದು ವಿಮಾದವರಿಗೆ ತೋರಿಸಿದಂಗ. ಇಡೀ ಎತ್ತು ಹೊತ್ತೊಯ್ದ್ರೇನು?"

"ಬಿಲ್ಲಿ ನೋಡಿ ನಂಬತಾವೇನು ಅವು?"

"ನಿಮ್ಮಂಥಾವ ಅದಾವ, ಬರೇ ಸಂಶಯ! ಚೂರು ಸುಮ್ಮನ ಬಿದ್ದಿದ್ರ ತಿರುಗಿ ನೋಡಂಗಿಲ್ಲ. ತಮ್ಮ ಮೈಯ ಕಣನ ಅದನ್ನ ಹಿಡದು ತೋರಿಸಬೇಕು, ಮ್ಯಾಲ 'ಅಪಾಯ ಅದ' ಅಂತ ಸನ್ನಿ ಮಾಡಬೇಕು. ಆವಾಗ ಆ ಚೂರಿನ ಗುರುತು ಹತ್ತಿದ ಟಿ ಕಣ ಒಂದು ಹೋಗಿ ಸಾವಿರ ಆಗ್ತಾವ. ಆ ಗದ್ದಲನ ಈ ಗಂಟು. ದೊಡ್ಡದಾದ್ರ, ಸೋರಿದ್ರ ಡಾಕ್ಟರ ಕಡೆ ತರ್ರಿ. ಬರಿ ಎಳಿಬ್ಯಾಡ್ರಿ."

ಮಾತು ಚಂದವಿತ್ತು. ಗಂಗಾಳಿಗೆ ಅದೇ ಅನುಮಾನ. ಚುಚ್ಚಿದಾಕೆ ತನ್ನ ತಪ್ಪನ್ನು ತಾನೇ ಹೇಳಿಯಾಳೇ? ಮನೆಯವರೇ ಹೇಳಬೇಕು. ಅವಳು ಒಲೆಯ ಕಡೆ ತಿರುಗಿದಳು.

"ಅತ್ತಿ, ನಿಮ್ಮ ಮಗನ ಕಂಕುಳಾಗ ಸುಟ್ಟ ಕಲಿ ಐತಲ್ಲ, ಅದೂ ಹಿಂಗ ಸೂಜಿ ಹಾಕಿಸಿದ ಮ್ಯಾಲ ಬಂದ ಗಂಟಿಗೇನ್ರಿ?"

"ಹೂಂ. ಸಂಗಪ್ಪಗ ಬರಿ ಎಳದೆ, ಹೋತು."

"ಮೈದುನಗ ಕಲಿನ ಇಲ್ಲಲ್ಲ?"

ಸೋಮವ್ವ ಕುಡಗೋಲು ತಿರುವುತ್ತ ನಿಧಾನವಾಗಿ ಅಂದಳು, "ನಿಂಗರಾಜಗೂ ಗಂಟ ಬಂದಿತ್ತವಾ. ಅವಂಗ ಬರಿ ಹಾಕಾಕ ನಮ್ಮಪ್ಪ ಬಿಡಲಿಲ್ಲ." ಕುಡಗೋಲನ್ನು ಒಲೆಯಿಂದ ಈಚೆಗೆ ಎಳೆದಳು. "ಅದೂ ಹೋತು. ತಾನ ಹೋತು."

ಗಂಗಾ ಎದ್ದು ಕುಡಗೋಲು ಕಸಿದು ನೀರಿನ ಬಕೆಟ್ಟಿಗೆ ಅದ್ದಿದಳು. ಚುಂಯ್ ಎಂದಿತು. ಆಮೇಲೆ ನರ್ಸ್ ಕಡೆ ಹುಬ್ಬುಗಂಟಿಕ್ಕಿ ನೋಡಿದಳು.

"ನಾಳಿ ಆ ಕೂಸುಗಳ ಸೂಜಿ ಡಬ್ಬಿ ತಂದು ಬಿಚ್ಚಿ ತೋರಿಸ್ರಿ ಬಾಯಾರ."

"ತೋರಿಸಿದ್ರ ನಂಬ್ತೀರೇನು?"

"ನಾ ನಂಬಂಗಿಲ್ಲ. ಅತ್ತಿ ನೋಡಿ ಹೇಳ್ಲಿ."