ಶಬ್ದವಿಲ್ಲದ ಮೂವತ್ತು ಸೆಕೆಂಡು

ಅಕ್ಕನಿಗೆ ಬೇಕಾಗಿದ್ದುದು ಒಂದೇ. ತಮ್ಮ ಮಾತಾಡುವುದನ್ನು ಇನ್ನೊಂದು ಸಲ ನೋಡಬೇಕು. ಕೇಳಬೇಕು ಅಂತಲ್ಲ, ನೋಡಬೇಕು. ಅವಳ ಕಿವಿಯನ್ನು ಬಟ್ಟೆ ಗಿರಣಿ ಯಾವತ್ತೋ ನುಂಗಿ ನೀರು ಕುಡಿದಿತ್ತು. ಇಪ್ಪತ್ತೆರಡು ವರ್ಷ ಮಗ್ಗಗಳ ನಡುವೆ ನಿಂತವರ ಕಿವಿ ಎಲ್ಲಿ ಉಳಿಯುತ್ತದೆ ಹೇಳಿ! ಆ ಶೆಡ್ಡಿನಲ್ಲಿ ಪಕ್ಕದವಳು ಕಿರುಚಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿನ ಹೆಂಗಸರು ತುಟಿಯಲ್ಲೇ ಮಾತಾಡುತ್ತಾರೆ, ತುಟಿಯಲ್ಲೇ ಜಗಳ ಕಾಯುತ್ತಾರೆ, ಮೇಸ್ತ್ರಿಯನ್ನು ಅವನ ಕಣ್ಣೆದುರಿಗೇ ತುಟಿಯಲ್ಲಿ ಬೈದು ಹಗುರಾಗುತ್ತಾರೆ. ಬಾಯಿ ಅಗಲ ಮಾಡಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಆಡುವ ಆ ಮಾತು ಗಿರಣಿಯ ಗೇಟು ದಾಟಿ ಮನೆಗೂ ಬಂದಿತ್ತು. ತಾಯಿ ಹೋದ ಮೇಲೆ ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ ತಮ್ಮ ಮಾತು ಕಲಿತದ್ದೇ ಹಾಗೆ. ಗೋಡೆಗೆ ಬಣ್ಣ ಬಳಿಯುವ ಕೆಲಸಕ್ಕೆ ಸೇರಿದ ಮೇಲೂ, ಯಾರ ಹತ್ತಿರ ಮಾತಾಡಿದರೂ, ಎದುರಿಗಿದ್ದವರು ಕಿವುಡರೇನೋ ಅನ್ನುವಂತೆ ಬಾಯಿ ಬಿಡಿಸಿಯೇ ಆಡುತ್ತಿದ್ದ.

ಅವನು ಸತ್ತು ಎರಡು ವರ್ಷವಾಗಿತ್ತು. ಮನೆಯಲ್ಲಿ ಅವನ ಏಳು ಫೋಟೋಗಳಿದ್ದವು. ಏಳರಲ್ಲೂ ಬಾಯಿ ಮುಚ್ಚಿಕೊಂಡೇ ಇದ್ದಾನೆ, ಹಾಳಾದವನು. ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಅಕ್ಕ ಆ ಫೋಟೋಗಳ ಮುಂದೆ ನಿಂತು, ಒಂದಾದರೂ ತುಟಿ ಅಲುಗೀತೇ ಎಂದು ಕಾಯುತ್ತಿದ್ದಳು. ಹುಚ್ಚು ಎಂದು ಅವಳಿಗೂ ಗೊತ್ತಿತ್ತು. ಆದರೂ ಕಾಯುತ್ತಿದ್ದಳು.

ಆಗಿದ್ದು ಇಷ್ಟು. ಅಕ್ಕನ ಹೊಸ ಕನ್ನಡಕ ತಯಾರಾಗಿದೆ ಎಂದು ಅಂಗಡಿಯಿಂದ ಫೋನ್ ಬಂದಿತ್ತು. ತಮ್ಮ ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ತೆಗೆದುಕೊಂಡ. ಅದೇ ಬೀದಿಯಲ್ಲಿ ಆಗಷ್ಟೇ ಯಾರೋ ಯಾರದೋ ಚೀಲ ಕಿತ್ತು ಓಡಿದ್ದರು. ಬೇಗ ಬೇಗ ನಡೆಯುತ್ತಿದ್ದ ತಮ್ಮನನ್ನು ಪೇದೆಯೊಬ್ಬ ತಡೆದ. ಐದು ನಿಮಿಷದೊಳಗೆ ತಮ್ಮ ಕಲ್ಲಿನ ಮೆಟ್ಟಿಲಿಗೆ ತಲೆ ಬಡಿದು ಬಿದ್ದಿದ್ದ. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಪೊಲೀಸರ ವರದಿ ಒಂದೇ ಪುಟ. 'ಕೇಳಿದ್ದಕ್ಕೆ ಉತ್ತರ ಕೊಡದೆ ಬಾಯಿ ಸೊಟ್ಟಗೆ ಮಾಡಿ ಅಣಕಿಸಿದ, ಅವಾಚ್ಯವಾಗಿ ಬೈದ, ಜೇಬಿನಿಂದ ಲೋಹದ ವಸ್ತು ತೆಗೆಯಲು ಹೋದ, ತಡೆಯುವಾಗ ಕಾಲು ಜಾರಿ ಬಿದ್ದ.' ಪೇದೆಯನ್ನು ಇನ್ನೊಂದು ಠಾಣೆಗೆ ವರ್ಗ ಮಾಡಿ ಇಲಾಖೆ ಕೈ ತೊಳೆದುಕೊಂಡಿತು.

ಪೇದೆಯ ಎದೆಯ ಮೇಲೆ ಕ್ಯಾಮೆರಾ ಇತ್ತು. ಯಾರನ್ನೇ ತಡೆದು ಮಾತಾಡಿಸುವ ಮೊದಲು ಅದರ ಗುಂಡಿ ಒತ್ತಬೇಕು ಎಂಬುದು ಹೊಸ ನಿಯಮ. 'ಒತ್ತಿರಲಿಲ್ಲ, ಚಿತ್ರ ಇಲ್ಲ' ಅಂದರು ಮೊದಲು. ಆಮೇಲೆ 'ಇದೆ, ಆದರೆ ಕೊಡುವ ಹಾಗಿಲ್ಲ' ಅಂದರು. ಅಕ್ಕ ಅರ್ಜಿ ಹಿಡಿದು ಅಲೆದು ಅಲೆದು ಮೂರು ಜೊತೆ ಚಪ್ಪಲಿ ಸವೆಸಿದಳು. ಕೊನೆಗೆ ಪೊಲೀಸರ ಮೇಲಿನ ದೂರುಗಳನ್ನು ನೋಡಲು ಹೊಸದಾಗಿ ಒಂದು ಸಮಿತಿ ಬಂತು. ಅದರ ಮೊದಲ ಪತ್ರ ಅಕ್ಕನ ಮನೆಗೇ ಬಂತು.

ಸಮಿತಿಯ ಮುಂದೆ ಹೋಗುವಾಗ ಜೊತೆಗೆ ಗಿರಣಿಯ ಗೆಳತಿ ಬಂದಳು. ಅವಳನ್ನು ಎಲ್ಲರೂ ಸೈರನ್ ಅಂತಲೇ ಕರೆಯುವುದು. ತುಟಿಮಾತು ಬಿಟ್ಟು ಗಂಟಲು ತೆರೆದಳೆಂದರೆ ಎರಡನೇ ಪಾಳಿಯವರು ಎದ್ದು ಕೂರಬೇಕು.

ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನ ಹಿಂದೆ ಮೂವರು. ನಡುವೆ ಅಧ್ಯಕ್ಷೆ, ನಿವೃತ್ತ ನ್ಯಾಯಾಧೀಶೆ. ಮೂಲೆಯಲ್ಲಿ ಹೇಳಿಕೆ ಬರೆದುಕೊಳ್ಳುವವನು. ಅಕ್ಕನ ಕುರ್ಚಿಗೆ ಹತ್ತಿರವೇ ಒಂದು ಬದಿಗೆ ಇಲಾಖೆಯ ವಕೀಲ, ಅವನ ಪಕ್ಕದಲ್ಲಿ ಆ ಪೇದೆ. ಅಕ್ಕ ಅವನನ್ನು ನೋಡಿದ್ದು ಅದೇ ಮೊದಲು. ಎಷ್ಟು ಚಿಕ್ಕ ವಯಸ್ಸು, ಮೀಸೆ ಸರಿಯಾಗಿ ಬಂದಿಲ್ಲ!

ವಕೀಲ ಕಾಗದ ನೋಡುತ್ತಲೇ ಏನೋ ಹೇಳಿದ. ತಲೆ ಬಗ್ಗಿಸಿ ಮಾತಾಡುವವರ ಮಾತು ಅಕ್ಕನಿಗೆ ಸಿಗದು. ಸೈರನ್ ಅದನ್ನು ತುಟಿಯಲ್ಲಿ ದಾಟಿಸಿದಳು: ಗುಂಡಿ ಒತ್ತಿದಾಗ ಅದರ ಹಿಂದಿನ ಮೂವತ್ತು ಸೆಕೆಂಡನ್ನೂ ಕ್ಯಾಮೆರಾ ತಾನಾಗಿಯೇ ಉಳಿಸಿಕೊಳ್ಳುತ್ತದಂತೆ. ಆದರೆ ಆ ಮೂವತ್ತು ಸೆಕೆಂಡಿಗೆ ಶಬ್ದ ಇರುವುದಿಲ್ಲವಂತೆ. ಶಬ್ದವಿಲ್ಲದ ಚಿತ್ರದಿಂದ ಏನೂ ಸಾಬೀತಾಗದು, ಅಕ್ಕನಿಗೆ ಸುಮ್ಮನೆ ಸಂಕಟ, ತೋರಿಸುವುದು ಬೇಡ ಅನ್ನುತ್ತಿದ್ದಾನೆ.

"ಶಬ್ದ ಯಾರಿಗೆ ಬೇಕು? ಹಾಕಿ," ಅಂದಳು ಅಕ್ಕ.

ಹಾಕಿದರು. ಗೋಡೆಯ ಮೇಲೆ ಬೆಳಕು ಬಿತ್ತು. ಬೆಳಕಿನಲ್ಲಿ ತಮ್ಮ!

ಬಣ್ಣ ಹತ್ತಿದ ಅದೇ ನೀಲಿ ಅಂಗಿ. ಆದರೆ ಮುಖವೆಲ್ಲ ಮಂಜು. ಅಕ್ಕನ ಮೂಗಿನ ಮೇಲಿದ್ದುದು ಹಳೆಯ ಕನ್ನಡಕ, ದೂರದ್ದು ಅದರಲ್ಲಿ ಸರಿಯಾಗಿ ಕಾಣದು. ಹೊಸದು ಮಾಡಿಸಿಕೋ ಎಂದು ಊರೆಲ್ಲ ಹೇಳಿದರೂ ಅವಳು ಕೇಳಿರಲಿಲ್ಲ. ತಮ್ಮ ತಂದ ಕನ್ನಡಕ ಠಾಣೆಯಲ್ಲಿದೆ, ಅದೇ ಬರಬೇಕು ಎಂಬ ಹಟ. ಈಗ ಆ ಹಟವೇ ಅವಳ ಕಣ್ಣು ಕಟ್ಟಿತ್ತು. ಎದ್ದು ಗೋಡೆಯ ಹತ್ತಿರ ಓಡಿದಳು. ಹತ್ತಿರ ಹೋದರೆ ಅವಳದೇ ನೆರಳು ತಮ್ಮನ ಮುಖದ ಮೇಲೆ ಬಿತ್ತು. ಪಕ್ಕಕ್ಕೆ ಸರಿದು ನೋಡುವಷ್ಟರಲ್ಲಿ ಚಿತ್ರ ಮುಗಿದೇ ಹೋಯಿತು. ಎರಡು ವರ್ಷ ಕಾದದ್ದು ಈ ಮಬ್ಬಿಗೇ? ಅವಳು ಗೋಡೆಗೆ ಕೈ ಊರಿ ಅತ್ತುಬಿಟ್ಟಳು.

ಅಳುತ್ತಲೇ ತಿರುಗಿದಾಗ ಮೇಜಿನ ತುದಿಯಲ್ಲಿ ಅರಗಿನ ಮುದ್ರೆ ಒತ್ತಿದ ಒಂದು ಪ್ಲಾಸ್ಟಿಕ್ ಚೀಲ ಕಂಡಿತು. ಒಳಗೆ ಸಣ್ಣ ತಗಡಿನ ಡಬ್ಬಿ. ವರದಿಯ 'ಲೋಹದ ವಸ್ತು'.

"ಅದು ನನ್ನ ಕನ್ನಡಕ. ಕೊಡಿ."

"ಅದು ಸಾಕ್ಷ್ಯ! ಮುಟ್ಟೋ ಹಾಗಿಲ್ಲ," ವಕೀಲ ಎದ್ದು ನಿಂತ.

"ಅಯ್ಯೋ ಸ್ವಾಮಿ, ಕಣ್ಣನ್ನೇ ಕಟ್ಟಿಟ್ಟುಕೊಂಡು ನೋಡು ನೋಡು ಅಂದ್ರೆ ಅವಳು ಹೇಗೆ ನೋಡ್ತಾಳೆ?" ಸೈರನ್ ಕೂಗಿದ್ದಕ್ಕೆ ಬಾಗಿಲ ಹೊರಗಿದ್ದ ಜವಾನ ಇಣುಕಿ ನೋಡಿದ.

ಅಧ್ಯಕ್ಷೆ ಕಾಗದಗಳನ್ನು ಬದಿಗಿಟ್ಟರು. ಅಕ್ಕನನ್ನು ಹತ್ತಿರ ಕರೆದು, ಅವಳ ಕಡೆಗೆ ಪೂರ್ತಿ ತಿರುಗಿ, ಮುಖ ಎತ್ತಿ, ನಿಧಾನವಾಗಿ ಕೇಳಿದರು: "ಅಮ್ಮಾ, ನಿಮ್ಮ ತಮ್ಮನ ತುಟಿ ನೋಡಿದ್ರೆ ನಿಮಗೆ ಮಾತು ಗೊತ್ತಾಗುತ್ತಾ?"

ಎರಡು ವರ್ಷದಲ್ಲಿ ಅವಳ ಮುಖ ನೋಡಿ ಮಾತಾಡಿದ ಮೊದಲ ಅಧಿಕಾರಿ. "ಅವನ ಮಾತು ನಾನು ಕೇಳ್ತಿದ್ದದ್ದೇ ಹಾಗೆ ಮೇಡಂ. ಇವಳಿಗೂ ಗೊತ್ತಾಗುತ್ತೆ."

"ಹಾಗಾದ್ರೆ ಇವರು ಹೊರಗಿರಲಿ. ಮೊದಲು ನೀವು, ಆಮೇಲೆ ಇವರು. ಇಬ್ಬರೂ ಹೇಳಿದ್ದನ್ನ ಬೇರೆ ಬೇರೆ ಬರ್ಕೊಳ್ತೀವಿ."

ಸೈರನ್ ಹೊರಗೆ ಹೋದಳು. ಮುದ್ರೆ ಒಡೆದರು, ಒಡೆದದ್ದಕ್ಕೆ ಸಹಿ ಹಾಕಿದರು. ಡಬ್ಬಿಯ ಮೇಲೆ ನೀಲಿ ಬಣ್ಣದ ಬೆರಳ ಗುರುತು ಒಣಗಿತ್ತು. ಒಂದು ಗಾಜು ಬಿರುಕು ಬಿಟ್ಟಿತ್ತು. ಅಕ್ಕ ಕನ್ನಡಕ ಹಾಕಿಕೊಂಡಳು.

ತಮ್ಮ ಬಂದ. ಈ ಸಲ ಪೂರ್ತಿಯಾಗಿ ಬಂದ. ಮೇಲ್ದುಟಿಯ ಮಚ್ಚೆ, ಓರೆ ಹಲ್ಲು, ಹೆದರಿದಾಗ ಕುಣಿಯುವ ಹುಬ್ಬು. ಬಾಯಿ ಅಗಲ ಮಾಡಿ ಮಾತಾಡುತ್ತಿದ್ದಾನೆ. ಅಕ್ಕ ಅವನ ಹಿಂದೆಯೇ ಒಂದೊಂದು ಮಾತನ್ನೂ ಆಡಿದಳು.

"ಓಡಲ್ಲ ಸಾರ್... ನಾನಲ್ಲ ಸಾರ್... ಜೇಬಲ್ಲಿ ಅಕ್ಕನ ಕನ್ನಡಕ... ತೆಗೆದು ತೋರಿಸ್ಲಾ ಸಾರ್? ತೋರಿಸ್ಲಾ?... ಅದಿಲ್ದಿದ್ರೆ ಅವಳಿಗೆ ನನ್ನ ಮಾತು ಕೇಳ್ಸಲ್ಲ ಸಾರ್..."

ಅಷ್ಟರಲ್ಲಿ ಖಾಕಿ ತೋಳೊಂದು ಅಡ್ಡ ಬಂತು. ಚಿತ್ರ ಅಲುಗಿ ಮೆಟ್ಟಿಲು ಕಂಡಿತು. ಅಲ್ಲಿಂದ ಶಬ್ದ ಶುರುವಾಗಿರಬೇಕು, ಮೇಜಿನ ಹಿಂದಿನ ಮೂವರೂ ಬೆಚ್ಚಿದರು. ತಮ್ಮ ಆಗಲೇ ಬಿದ್ದಿದ್ದ. ಬಾಯಿ ಮುಚ್ಚಿತ್ತು.

ಸೈರನ್ ಒಳಗೆ ಬಂದು ನೋಡಿದಳು. ಎರಡು ಸಲ ಹಾಕಿಸಿಕೊಂಡು, ಮೂಗು ಒರೆಸಿಕೊಳ್ಳುತ್ತಾ ಹೇಳಿದಳು. 'ನಾನಲ್ಲ' ಅನ್ನುವುದೊಂದು ಅವಳಿಗೆ ಹತ್ತಲಿಲ್ಲ. ಮಿಕ್ಕದ್ದೆಲ್ಲ ಅದೇ.

ಅಧ್ಯಕ್ಷೆ ಪೇದೆಯ ಕಡೆ ತಿರುಗಿದರು. "ಗುಂಡಿ ಒತ್ತಿದ್ದು ತಳ್ಳಿದ ಮೇಲೆ. ಇದರಲ್ಲಿ ಬೈಗುಳ ಎಲ್ಲಿದೆ?"

ಪೇದೆಯ ತುಟಿ ಅಲುಗಿತು. ಬಹುಶಃ ದನಿಯೇ ಬರಲಿಲ್ಲ, ಅಧ್ಯಕ್ಷೆ "ಜೋರಾಗಿ ಹೇಳಿ" ಎಂದರು. ಅಕ್ಕನಿಗೆ ಜೋರು ಬೇಕಿರಲಿಲ್ಲ. ಅವನು ಅಂದದ್ದು: "ಬಾಯಿ ಹಾಗೆ ಮಾಡ್ತಿದ್ದ. ನನ್ನನ್ನ ಆಡ್ಕೊಳ್ತಿದ್ದಾನೆ ಅಂದ್ಕೊಂಡೆ. ಬೈದ ಅಂತ ಆಮೇಲೆ ಸೇರಿಸಿ ಬರೆದ್ರು."

ಅಕ್ಕ ತನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಬಾಯಿ ಕಲಿಸಿದ್ದು ಅವಳು. ತೊಡೆಯ ಮೇಲೆ ಕೂರಿಸಿಕೊಂಡು, ಗಲ್ಲ ಹಿಡಿದು, 'ಅಗಲ ಮಾಡೋ, ನಂಗೆ ಕಾಣ್ಬೇಕು' ಎಂದು ಕಲಿಸಿದ್ದು ಅವಳೇ.

ಅಧ್ಯಕ್ಷೆ ಅವಳ ಮುಖ ನೋಡಿದರೋ ಏನೋ. ಪೇದೆಗೆ ಹೇಳಬೇಕಾದದ್ದನ್ನು ಅಕ್ಕನಿಗೂ ಕಾಣುವಂತೆ, ಬಿಡಿಸಿ ಬಿಡಿಸಿ ಹೇಳಿದರು: "ಆಡ್ಕೊಂಡಿದ್ರೂ ತಳ್ಳೋ ಹಕ್ಕು ನಿಮಗೆ ಯಾರೂ ಕೊಟ್ಟಿಲ್ಲ." ಆಮೇಲೆ ಬರೆಯುವವನಿಗೆ ಬರೆಸಿದರು: ವರದಿ ಸುಳ್ಳು, ಪೇದೆಯ ಮೇಲೂ ಅದನ್ನು ಬರೆದವರ ಮೇಲೂ ಪ್ರಕರಣ ಆಗಬೇಕು. ಕ್ಯಾಮೆರಾದ ಗುಂಡಿ ಇನ್ನು ಮೇಲೆ ಪೇದೆಯ ಕೈಯಲ್ಲಿ ಇರಬಾರದು, ಠಾಣೆಯಿಂದ ಹೊರಟಾಗಿನಿಂದ ಅದು ಓಡುತ್ತಲೇ ಇರಬೇಕು, ಶಬ್ದದ ಸಮೇತ.

ಗುಮಾಸ್ತ ಹೊಸ ಚೀಲ ಹಿಡಿದು ಬಂದ. ಕನ್ನಡಕವನ್ನು ಮತ್ತೆ ಮುದ್ರೆ ಹಾಕಿ ಇಡಬೇಕು, ನ್ಯಾಯಾಲಯಕ್ಕೆ ಹೋಗಬೇಕು. ಎಷ್ಟು ವರ್ಷವೋ ಯಾರಿಗೆ ಗೊತ್ತು.

"ಇನ್ನೊಂದು ಸಲ ಹಾಕಿ," ಅಂದಳು ಅಕ್ಕ, "ಆಮೇಲೆ ಕೊಡ್ತೀನಿ."

ಹಾಕಿದರು. ತಮ್ಮ 'ಕೇಳ್ಸಲ್ಲ ಸಾರ್' ಅಂದಲ್ಲಿ ಅಕ್ಕ ಕೈ ಎತ್ತಿದಳು, ಚಿತ್ರ ನಿಂತಿತು. ಅವಳು ಅವನ ಮುಖ ನೋಡುತ್ತಾ, ಗಿರಣಿಯಲ್ಲಿ ಆಡುವಂತೆ ಬಾಯಿ ಅಗಲ ಮಾಡಿ, ದನಿಯಿಲ್ಲದೆ ಏನೋ ಹೇಳಿದಳು. ಕನ್ನಡಕ ತೆಗೆದು, ಡಬ್ಬಿಯಲ್ಲಿಟ್ಟು, ಗುಮಾಸ್ತನ ಕೈಗೆ ಕೊಟ್ಟಳು.

"ಏನಂದ್ರು ಅವರು?" ಅಧ್ಯಕ್ಷೆ ಸೈರನ್‌ಳನ್ನು ಕೇಳಿದರು.

ಸೈರನ್ ಬಾಯಿ ತೆರೆದಳು. ಅವತ್ತು ಅವಳಿಂದ ಬಂದದ್ದು ಬರೀ ಪಿಸುಮಾತು. ಬರೆಯುವವನು ಎದ್ದು ಹತ್ತಿರ ಬರಬೇಕಾಯಿತು.

"ಕೇಳಿಸ್ತು ಕಣೋ, ಮನೆಗೆ ಬಾ, ಅಂದ್ಲು."