ಬೈರಾಸು ಇಲ್ಲದ ಸ್ನಾನ

ನಿರೀಕ್ಷಾಳನ್ನು ತನಗೆ ಮದುವೆ ಮಾಡಿಕೊಡಿ ಎಂದು ಕೇಳಲೆಂದೇ ಮೆಲ್ಬರ್ನ್ ಬಳಿಯ ವೆರಿಬೀಯ ಧನರಾಜ್ ಅವಳನ್ನೂ ಅವಳ ಅಪ್ಪ ಅಮ್ಮನನ್ನೂ ಸಿಡ್ನಿಯಿಂದ ಕರೆಸಿ, ಮೆಲ್ಬರ್ನ್ ಆಚೆಯ ಕಡಲ ದಂಡೆಯಲ್ಲಿ ಜಪಾನಿ ವಸತಿಗೃಹವೊಂದನ್ನು ಬುಕ್ ಮಾಡಿದ್ದ. ಅಲ್ಲಿನ ಬಿಸಿನೀರ ಕೊಳಕ್ಕೆ ಬಟ್ಟೆ ಉಟ್ಟು ಇಳಿಯುವಂತಿಲ್ಲ ಎಂಬುದು ಕೊಳದ ಬಾಗಿಲಲ್ಲಿ ಗೊತ್ತಾಯಿತು. ಅವನೂ ಅವಳಪ್ಪ ಸೇಸಪ್ಪನವರೂ ಸೊಂಟಕ್ಕೆ ಸುತ್ತಿದ್ದ ಮೈಯೊರೆಸುವ ಬೈರಾಸನ್ನು ಬಿಗಿಯಾಗಿ ಹಿಡಿದು ನಿಂತರು.

"ನೀವು ಮೊದಲು, ಅಂಕಲ್."

"ಛೆ, ನೀನು ನಡಿ ಮಾರಾಯ."

ಉಪಚಾರ ಮುಗಿಯುವಷ್ಟರಲ್ಲಿ ಚಳಿಗಾಳಿಗೆ ಇಬ್ಬರ ಹಲ್ಲೂ ಕಟಕಟ ಎಂದವು. ಬೈರಾಸು ಎಸೆದು ಇಬ್ಬರೂ ಒಟ್ಟಿಗೇ ದುಡುಂ ಎಂದು ನೀರಿಗೆ ಬಿದ್ದರು. ಆ ಬಿಸಿಗೆ ಧನರಾಜನ ಬಾಯಿ ತಾನಾಗಿ ತೆರೆದುಕೊಂಡಿತು.

"ಅಂಕಲ್, ನಿರೀಕ್ಷಾಳನ್ನು ನನಗೆ ಕೊಡ್ತೀರಾ?"

"ಈ ಅವತಾರದಲ್ಲಿ ಕೇಳುವುದಾ ಮಾರಾಯ!" ಸೇಸಪ್ಪನವರು ನೀರು ಕುಡಿಯುವಷ್ಟು ನಕ್ಕು, ಬಿದಿರಿನ ಬೇಲಿಯಾಚೆಯ ಹೆಂಗಸರ ಕೊಳದಲ್ಲಿದ್ದ ಹೆಂಡತಿಗೆ ಕೂಗಿದರು. "ರಾಜೀವಿ, ಹುಡುಗ ಆದೀತು!"

"ಅದು ಹೇಗೆ ಗೊತ್ತಾಯ್ತು ನಿಮಗೆ?"

"ಅಮ್ಮಾ, ಪ್ಲೀಸ್!" ಎಂದು ನಿರೀಕ್ಷಾ ಕಿರುಚಿದ್ದು ಕೇಳಿ, ಧನರಾಜ್ ನಗುತ್ತಲೇ ತಲೆಯನ್ನೂ ಮುಳುಗಿಸಿಬಿಟ್ಟ.